ಒಂದು ಸಂಖ್ಯೆಗೆ ಎಷ್ಟು ಹೆಸರು? ದೇವಳಾಲಿಯ ಗಣಿತ ಮೇಷ್ಟ್ರು ಕಾಪ್ರೇಕರ್

ಬೋಧನಾಭ್ಯಾಸದಲ್ಲಿ ನನ್ನ ಹನ್ನೊಂದನೆಯ ಪಾಠ ಎಂಟನೆಯ ತರಗತಿಗೆ, ವರ್ಗಸಂಖ್ಯೆಗಳ ಮೇಲೆ. ಪೀಠಿಕೆಗೆಂದು ಒಂದು ಚಾರ್ಟ್ ಬರೆದುಕೊಂಡು ಹೋಗಿದ್ದೆ. 1ರ ವರ್ಗ 1. 11ರ ವರ್ಗ 121. 111ರ ವರ್ಗ 12321. ಹೀಗೆ ಒಂಬತ್ತು ಸಾಲು. ಒಂಬತ್ತನೆಯ ಸಾಲಿನಲ್ಲಿ 111111111ರ ವರ್ಗ 12345678987654321. ಮೆಟ್ಟಿಲು ಹತ್ತಿ ಇಳಿದಂತಿರುವ ಆ ಸಂಖ್ಯೆಯನ್ನು ಕಂಡು ಮಕ್ಕಳ ಕಣ್ಣರಳಿತು. ನನಗೂ ಹುಮ್ಮಸ್ಸು ಬಂತು. ಪಾಠ ಯೋಜನೆಯಲ್ಲಿ ಇಲ್ಲದಿದ್ದರೂ ಹತ್ತನೆಯ ಸಾಲನ್ನು ಕಪ್ಪುಹಲಗೆಯ ಮೇಲೆ ಬರೆದುಬಿಟ್ಟೆ: 12345678910987654321. ಗುಣಿಸಿ ನೋಡಿರಲಿಲ್ಲ. ಸಾಲು ಹಾಗೇ ಮುಂದುವರಿಯುತ್ತದೆ ಎಂದುಕೊಂಡಿದ್ದೆ, ಅಷ್ಟೆ.

ಮರುದಿನ ಮೂರನೆಯ ಬೆಂಚಿನ ಒಬ್ಬ ಹುಡುಗಿ ನೋಟ್‌ಬುಕ್ ಹಿಡಿದು ಸಿಬ್ಬಂದಿ ಕೊಠಡಿಯ ಬಾಗಿಲಲ್ಲಿ ನಿಂತಿದ್ದಳು. ಎರಡು ಪುಟ ತುಂಬ ಗುಣಾಕಾರ. ಅಳಿಸಿ ಅಳಿಸಿ ಕಾಗದ ತೆಳುವಾಗಿತ್ತು. ಮೂರು ಬಾರಿ ಮಾಡಿದರೂ ಅವಳಿಗೆ 1234567900987654321 ಎಂದೇ ಬರುತ್ತಿತ್ತು. ಹಲಗೆಯ ಮೇಲಿನದು ತಪ್ಪು ಎಂದು ಹೇಳಲು ಅವಳು ಬಂದಿರಲಿಲ್ಲ. ತಾನು ಎಲ್ಲಿ ತಪ್ಪಿದೆ ಎಂದು ಕೇಳಲು ಬಂದಿದ್ದಳು.

ಆ ಪ್ರಶ್ನೆ ನನ್ನನ್ನು ಚುಚ್ಚಿತು. ಸರಿಯಾದ ಉತ್ತರವನ್ನು ಕೈಯಲ್ಲಿ ಹಿಡಿದುಕೊಂಡೇ ಒಂದು ಮಗು ತನ್ನನ್ನು ಅನುಮಾನಿಸುತ್ತಿತ್ತು. ಅದಕ್ಕೆ ಕಾರಣ ನನ್ನ ಸೀಮೆಸುಣ್ಣ. ವೀಕ್ಷಣಾ ಪುಸ್ತಕ ತೆಗೆದು ನೋಡಿದೆ. ಹತ್ತನೆಯ ಸಾಲನ್ನು ಗುಣಿಸಿ ನೋಡಬೇಕಿತ್ತು ಎಂದು ನಮ್ಮ ಗಣಿತ ಪದ್ಧತಿಯ ಉಪನ್ಯಾಸಕರು ಕೆಂಪು ಶಾಯಿಯಲ್ಲಿ ಬರೆದಿದ್ದರು. ಅದರ ಕೆಳಗೆ, ಈ ಸಂಖ್ಯೆಗಳಿಗೆ ಹೆಸರಿಟ್ಟವರು ಒಬ್ಬ ಶಾಲಾ ಶಿಕ್ಷಕರು, ಅವರ ಬಗ್ಗೆ ಓದಿಕೊಂಡು ಮುಂದಿನ ಪಾಠ ಮಾಡಿ ಎಂದೂ ಇತ್ತು. ಓದಿದೆ. ಆ ಶಿಕ್ಷಕರ ಬದುಕನ್ನು ತರಗತಿಯಲ್ಲಿ ನಾನು ಹೇಗೆ ಹೇಳಿದೆನೋ ಹಾಗೆಯೇ ಇಲ್ಲಿ ಬರೆಯುತ್ತಿದ್ದೇನೆ.

ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಹುಟ್ಟಿದ್ದು 1905ರ ಜನವರಿ 17ರಂದು, ಮುಂಬಯಿಯ ಉತ್ತರಕ್ಕೆ ಕಡಲ ತೀರದಲ್ಲಿರುವ ಡಹಾಣುವಿನಲ್ಲಿ. ತಂದೆ ಗುಮಾಸ್ತರು. ಅವರಿಗೆ ಜ್ಯೋತಿಷ್ಯದಲ್ಲಿ ಆಸಕ್ತಿ. ಜಾತಕ ಹಾಕಲು ಕೂಡಿ ಕಳೆಯುವ ಲೆಕ್ಕ ಬೇಕಲ್ಲವೇ, ಅದು ಮಗನಿಗೂ ಅಂಟಿತು. ಎಂಟು ವರ್ಷದವರಿದ್ದಾಗ ತಾಯಿ ತೀರಿಕೊಂಡರು. ತಂದೆಯ ಕೈಯಲ್ಲಿ ಬೆಳೆದ ಹುಡುಗ ಠಾಣೆಯಲ್ಲಿ ಪ್ರೌಢಶಾಲೆ ಓದಿದ. ಲೆಕ್ಕದ ಒಗಟುಗಳಿಗೆ ಚುಟುಕು ದಾರಿ ಹುಡುಕುವುದರಲ್ಲಿ ಗಂಟೆಗಟ್ಟಲೆ ಮುಳುಗಿರುತ್ತಿದ್ದ.

1923ರಲ್ಲಿ ಪುಣೆಯ ಫರ್ಗುಸನ್ ಕಾಲೇಜು ಸೇರಿದರು. 1927ರಲ್ಲಿ, ವಿದ್ಯಾರ್ಥಿಯಾಗಿದ್ದಾಗಲೇ, ಸ್ವಂತ ಗಣಿತ ಕೆಲಸಕ್ಕೆ ಕೊಡುವ ರ‍್ಯಾಂಗ್ಲರ್ ಪರಾಂಜಪೆ ಬಹುಮಾನ ಪಡೆದರು. 1929ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಿಂದ ಬಿ.ಎಸ್ಸಿ. ಪದವಿ. ಓದು ಅಲ್ಲಿಗೆ ನಿಂತಿತು. ಸ್ನಾತಕೋತ್ತರ ಪದವಿಯಾಗಲಿ ಸಂಶೋಧನೆಯ ತರಬೇತಿಯಾಗಲಿ ಅವರಿಗೆ ಇರಲಿಲ್ಲ. 1930ರಲ್ಲಿ ನಾಸಿಕದ ಹತ್ತಿರದ ದೇವಳಾಲಿ ಎಂಬ ದಂಡು ಪ್ರದೇಶದ ಊರಿನಲ್ಲಿ ಶಾಲಾ ಶಿಕ್ಷಕರಾದರು. 1962ರಲ್ಲಿ ನಿವೃತ್ತರಾಗುವವರೆಗೂ ಶಿಕ್ಷಕರಾಗಿಯೇ ಉಳಿದರು.

ಹಗಲು ಪಾಠ, ಮಿಕ್ಕ ವೇಳೆ ಸಂಖ್ಯೆಗಳು. ಅವರ ಬದುಕನ್ನು ಒಂದು ಸಾಲಿನಲ್ಲಿ ಹೇಳುವುದಾದರೆ ಇಷ್ಟೇ. ಆದರೆ ಸಂಖ್ಯೆಗಳ ಜೊತೆ ಅವರು ಮಾಡಿದ್ದೇನು ಎಂದು ತಿಳಿಯದೆ ಈ ಸಾಲಿಗೆ ಅರ್ಥವಿಲ್ಲ. ಅದಕ್ಕೆ ನನ್ನ ಚಾರ್ಟಿನ ಒಂಬತ್ತನೆಯ ಸಾಲನ್ನೇ ತೆಗೆದುಕೊಳ್ಳೋಣ.

12345678987654321. ಹದಿನೇಳು ಅಂಕಿ. ನಮ್ಮ ಪದ್ಧತಿಯಲ್ಲಿ ಅಲ್ಪವಿರಾಮ ಹಾಕಿದರೆ 12,34,56,78,98,76,54,321. ಗಟ್ಟಿಯಾಗಿ ಓದಲು ಕೋಟಿ ಎಂಬ ಮಾತು ಎರಡು ಸಲ ಬೇಕು: ನೂರ ಇಪ್ಪತ್ಮೂರು ಕೋಟಿ ನಲವತ್ತೈದು ಲಕ್ಷ ಅರವತ್ತೇಳು ಸಾವಿರದ ಎಂಟುನೂರ ತೊಂಬತ್ತೆಂಟು ಕೋಟಿ, ಎಪ್ಪತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಮಕ್ಕಳಿಂದ ಓದಿಸಿ ನೋಡಿ, ಸ್ಥಾನಬೆಲೆಯ ಪುನರಾವರ್ತನೆ ತಾನಾಗಿ ಆಗುತ್ತದೆ.

ಇದು ಯಾವ ಜಾತಿಯ ಸಂಖ್ಯೆ? ಪಠ್ಯಪುಸ್ತಕದ ಹೆಸರುಗಳಿಂದ ಶುರುಮಾಡಿದೆವು. ಬೆಸಸಂಖ್ಯೆ. ಪೂರ್ಣವರ್ಗ. ಅವಿಭಾಜ್ಯವಲ್ಲ. ಒಂಬತ್ತು ಒಂದುಗಳ ಸಂಖ್ಯೆಯನ್ನು ಒಡೆದರೆ 3 × 3 × 37 × 333667 ಬರುತ್ತದೆ. ಇವು ಅವಿಭಾಜ್ಯಗಳು. ಆದ್ದರಿಂದ ನಮ್ಮ ಸಂಖ್ಯೆಯಲ್ಲಿ 3 ನಾಲ್ಕು ಬಾರಿ, 37 ಎರಡು ಬಾರಿ, 333667 ಎರಡು ಬಾರಿ. ಭಾಜಕಗಳನ್ನು ಎಣಿಸಲು ಘಾತಕ್ಕೆ ಒಂದೊಂದು ಕೂಡಿಸಿ ಗುಣಿಸಬೇಕು: 5 × 3 × 3, ಅಂದರೆ 45. ಭಾಜಕಗಳ ಸಂಖ್ಯೆ ಬೆಸ ಬಂದಿದ್ದು ಆಕಸ್ಮಿಕವಲ್ಲ, ಪೂರ್ಣವರ್ಗಗಳಿಗೆ ಮಾತ್ರ ಹಾಗೆ ಬರುತ್ತದೆ. ತನ್ನನ್ನು ಬಿಟ್ಟು ಉಳಿದ 44 ಭಾಜಕಗಳ ಮೊತ್ತ ಆ ಸಂಖ್ಯೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ, ಪೂರ್ತಿ ಆಗುವುದಿಲ್ಲ. ಹೀಗಾಗಿ ಇದು ಕೊರತೆಯ ಸಂಖ್ಯೆ. 6 ಅಥವಾ 28ರಂತೆ ಪರಿಪೂರ್ಣ ಸಂಖ್ಯೆ ಅಲ್ಲ.

ಇನ್ನು ಕಾಪ್ರೇಕರ್ ಕಡೆಯಿಂದ ನೋಡೋಣ. ಅವರು ನೋಡುತ್ತಿದ್ದುದು ಅಂಕಿಗಳನ್ನು. ವಿಕಟಕವಿ ಎಂಬ ಪದದಂತೆ ಈ ಸಂಖ್ಯೆಯನ್ನು ಹಿಂದಿನಿಂದ ಓದಿದರೂ ಅದೇ. ನಡುವಿನ 9ನ್ನು ಬಿಟ್ಟು ಎರಡು ತುದಿಗಳನ್ನು ಕೂಡಿಸಿ: 12345678 + 87654321. ಬರುವುದು 99999999, ಎಲ್ಲವೂ ನಡುವಿನ ಅಂಕಿಯೇ. 165ರಲ್ಲೂ ಹೀಗೆಯೇ, 1 ಮತ್ತು 5 ಕೂಡಿದರೆ ನಡುವಿನ 6. ಇಂಥ ಸಂಖ್ಯೆಗಳನ್ನು ಅವರು ಡೆಮ್ಲೋ ಸಂಖ್ಯೆಗಳೆಂದು ಕರೆದರು. ಡೆಮ್ಲೋ ಎಂಬುದು ಯಾವ ಗಣಿತಜ್ಞನ ಹೆಸರೂ ಅಲ್ಲ. ಮುಂಬಯಿಯಿಂದ ಸುಮಾರು ಮೂವತ್ತು ಮೈಲಿ ದೂರದ ಒಂದು ರೈಲು ನಿಲ್ದಾಣದಿಂದ ಬಂದ ಹೆಸರು. ಆ ಆಲೋಚನೆ ಅವರಿಗೆ ಹೊಳೆದದ್ದು ಅಲ್ಲಿ. ಒಂದುಗಳ ವರ್ಗದಿಂದ ಬರುವ 1, 121, 12321 ಮುಂತಾದವು ಅದ್ಭುತ ಡೆಮ್ಲೋ ಸಂಖ್ಯೆಗಳು. ಇವುಗಳ ಮೇಲೆ 1938ರಲ್ಲಿ ಮ್ಯಾಥಮ್ಯಾಟಿಕ್ಸ್ ಸ್ಟೂಡೆಂಟ್ ಪತ್ರಿಕೆಯಲ್ಲಿ ಅವರ ಲೇಖನ ಬಂತು.

ಹತ್ತನೆಯ ಸಾಲು ಏಕೆ ಮುರಿಯುತ್ತದೆ ಎಂಬುದು ಇಲ್ಲಿ ಅರ್ಥವಾಗುತ್ತದೆ. ಒಂಬತ್ತು ಒಂದುಗಳನ್ನು ಒಂಬತ್ತು ಒಂದುಗಳಿಂದ ಗುಣಿಸುವಾಗ, ಒಂದೊಂದು ಮನೆ ಎಡಕ್ಕೆ ಸರಿದ ಒಂಬತ್ತು ಸಾಲು ಒಂದುಗಳು ಬರುತ್ತವೆ. ಕಂಬಸಾಲುಗಳಲ್ಲಿ ಎಷ್ಟು ಒಂದುಗಳಿವೆ ಎಂದು ಎಣಿಸಿದರೆ 1, 2, 3 ಎಂದು ಏರಿ, ನಡುವೆ 9 ಆಗಿ, ಮತ್ತೆ ಇಳಿಯುತ್ತದೆ. ಎಲ್ಲೂ ದಶಕ ಏರುವುದಿಲ್ಲ. ಹತ್ತು ಒಂದುಗಳಾದರೆ ನಡುವಿನ ಕಂಬಸಾಲಿನಲ್ಲಿ 10. ಅಲ್ಲಿ ಸೊನ್ನೆ ಬರೆದು 1ನ್ನು ಎಡಕ್ಕೆ ಏರಿಸಬೇಕು. ಅಲ್ಲಿದ್ದ 9 ಹತ್ತಾಗಿ ಮತ್ತೆ ಸೊನ್ನೆ, ಮತ್ತೆ 1 ಎಡಕ್ಕೆ. ಅಲ್ಲಿದ್ದ 8 ಒಂಬತ್ತಾಗುತ್ತದೆ. ಆ ಹುಡುಗಿಯ ಉತ್ತರದಲ್ಲಿ ಎರಡು ಸೊನ್ನೆ ಬಂದದ್ದೂ ಎಡಭಾಗದ 8 ಕಾಣೆಯಾದದ್ದೂ ಹೀಗೆ. ನಾನು ಬರೆದದ್ದಕ್ಕೆ ಇಪ್ಪತ್ತು ಅಂಕಿ, ಅವಳದಕ್ಕೆ ಹತ್ತೊಂಬತ್ತು. ಅಂಕಿಗಳನ್ನು ಎಣಿಸಿ ಅಂದಾಜು ಮಾಡಿದ್ದರೂ ನನ್ನ ತಪ್ಪು ಅಲ್ಲೇ ಸಿಗುತ್ತಿತ್ತು.

ಕಾಪ್ರೇಕರ್ ಇಟ್ಟ ಇನ್ನೊಂದು ಹೆಸರು ಹರ್ಷದ ಸಂಖ್ಯೆ. ಹರ್ಷವನ್ನು ಕೊಡುವುದು ಹರ್ಷದ. ತನ್ನ ಅಂಕಿಗಳ ಮೊತ್ತದಿಂದ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಗೆ ಈ ಹೆಸರು. 12ರಲ್ಲಿ ಮೊತ್ತ 3, ಭಾಗಲಬ್ಧ 4. ನಮ್ಮ ದೊಡ್ಡ ಸಂಖ್ಯೆಯ ಅಂಕಿಗಳ ಮೊತ್ತ 81. ಅದರಿಂದ ಭಾಗಿಸಿದರೆ 152415789971041, ಶೇಷವಿಲ್ಲ. ಭಾಗಲಬ್ಧವೂ 12345679ರ ವರ್ಗ. ಹಾಗಾದರೆ ಚಾರ್ಟಿನ ಒಂಬತ್ತೂ ಸಾಲುಗಳು ಹರ್ಷದವೇ? ಈ ಸಲ ನಾನು ಹೇಳಲಿಲ್ಲ, ತರಗತಿಗೆ ಬಿಟ್ಟೆ. ಅಂಕಿಗಳ ಮೊತ್ತ ಕ್ರಮವಾಗಿ 1, 4, 9, 16, ಹೀಗೆ ಅವೂ ವರ್ಗಗಳೇ ಎಂದು ಒಂದು ಗುಂಪು ಕಂಡುಕೊಂಡಿತು. ಬೆಸಸಂಖ್ಯೆಯನ್ನು ಸಮಸಂಖ್ಯೆ ಭಾಗಿಸಲಾರದು, ಹಾಗಾಗಿ 4, 16, 36, 64 ಹೋದವು ಎಂದಿತು ಇನ್ನೊಂದು. ಕೊನೆಯಲ್ಲಿ 1 ಇರುವ ಸಂಖ್ಯೆಯನ್ನು 25 ಭಾಗಿಸದು. 49ನ್ನು ಭಾಗಿಸಿಯೇ ನೋಡಿದರು, ಶೇಷ ಉಳಿಯಿತು. ಕೊನೆಗೆ ಉಳಿದದ್ದು ಮೂರೇ ಸಾಲು: ಒಂದನೆಯದು, ಮೂರನೆಯದು, ಒಂಬತ್ತನೆಯದು. ಒಂಬತ್ತರಲ್ಲಿ ಮೂರಕ್ಕೆ ಮಾತ್ರ ಹರ್ಷ ಎಂದು ಒಬ್ಬ ಹುಡುಗ ನಕ್ಕ.

ಮೂರನೆಯ ಹೆಸರು ಅವರ ಊರಿನದೇ. 15ಕ್ಕೆ ಅದರ ಅಂಕಿಗಳ ಮೊತ್ತ 6 ಕೂಡಿಸಿದರೆ 21. ಆದ್ದರಿಂದ 21ನ್ನು ಹುಟ್ಟಿಸಿದ್ದು 15. ಆದರೆ 20ನ್ನು ಹೀಗೆ ಹುಟ್ಟಿಸುವ ಸಂಖ್ಯೆ ಯಾವುದೂ ಇಲ್ಲ. ಇಂಥ ಅನಾಥ ಸಂಖ್ಯೆಗಳಿಗೆ ಅವರು ಸ್ವಸಂಖ್ಯೆಗಳೆಂದು ಹೆಸರಿಟ್ಟರು. ದೇವಳಾಲಿ ಸಂಖ್ಯೆಗಳು ಎಂಬ ಹೆಸರೂ ಇದೆ. ನಾನು ತರಗತಿಯಲ್ಲಿ ಸ್ವಯಂಭೂ ಎಂದೆ, ಮಕ್ಕಳಿಗೆ ಕೂಡಲೇ ತಿಳಿಯಿತು. 12345678987654321 ಸ್ವಯಂಭೂವೇ? ಅಲ್ಲ. 12345678987654240 ಎಂಬ ಸಂಖ್ಯೆಯ ಅಂಕಿಗಳ ಮೊತ್ತ 81. ಎರಡನ್ನೂ ಕೂಡಿಸಿದರೆ ನಮ್ಮ ಸಂಖ್ಯೆ ಬರುತ್ತದೆ. ಅದಕ್ಕೆ ಬೇರೆ ಜನಕ ಇಲ್ಲ. ಇದನ್ನು ಹುಡುಕಲು ಕೋಟಿಗಟ್ಟಲೆ ಸಂಖ್ಯೆ ನೋಡಬೇಕಿಲ್ಲ. ಹದಿನೇಳು ಅಂಕಿಗಳ ಮೊತ್ತ 153ನ್ನು ಮೀರುವುದಿಲ್ಲ, ಹಾಗಾಗಿ ಜನಕ ಅಷ್ಟರೊಳಗೇ ಹಿಂದೆ ಇರಬೇಕು. 9ರ ಭಾಜ್ಯತೆಯ ನಿಯಮ ಬಳಸಿದರೆ ನೋಡಬೇಕಾದದ್ದು ಹದಿನೇಳೇ ಸಂಖ್ಯೆ. ದೊಡ್ಡ ಸಂಖ್ಯೆ ಎಂದರೆ ದೊಡ್ಡ ಕೆಲಸ ಎಂದಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಅವರ ಹೆಸರು ಹೊತ್ತ ಸಂಖ್ಯೆಗಳು ಬೇರೆ ಇವೆ. 45ರ ವರ್ಗ 2025. ಎರಡು ತುಂಡು ಮಾಡಿ ಕೂಡಿಸಿದರೆ 20 + 25, ಮತ್ತೆ 45. 297ರ ವರ್ಗ 88209, 88 + 209 ಮತ್ತೆ 297. ಇವು ಕಾಪ್ರೇಕರ್ ಸಂಖ್ಯೆಗಳು. ಆದರೆ ಎಲ್ಲಕ್ಕಿಂತ ಹೆಸರಾದದ್ದು 6174. ನಾಲ್ಕು ಅಂಕಿಗಳ ಯಾವುದಾದರೂ ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು. ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆದು, ಅದರಿಂದ ಏರಿಕೆ ಕ್ರಮದ್ದನ್ನು ಕಳೆಯಿರಿ. ಬಂದ ಉತ್ತರಕ್ಕೆ ಮತ್ತೆ ಹಾಗೆಯೇ ಮಾಡಿ. ಹೆಚ್ಚೆಂದರೆ ಏಳು ಹೆಜ್ಜೆಯಲ್ಲಿ 6174 ತಲುಪುತ್ತೀರಿ, ಅಲ್ಲಿಂದ ಮುಂದೆ ಕದಲುವುದಿಲ್ಲ. ಅವರು ಹುಟ್ಟಿದ ವರ್ಷ 1905ರಿಂದ ಹೊರಟರೆ 9351, 8172, 7443, 3996, 6264, 4176, 6174. ಏಳೂ ಹೆಜ್ಜೆ ಬೇಕು. ಇದನ್ನು ಅವರು ಕಂಡುಕೊಂಡದ್ದು 1946ರಲ್ಲಿ. 1949ರಲ್ಲಿ ಮದ್ರಾಸಿನ ಗಣಿತ ಸಮ್ಮೇಳನದಲ್ಲಿ ಮುಂದಿಟ್ಟರು. ಆಮೇಲೆ ಅಮೆರಿಕದ ಸ್ಕ್ರಿಪ್ಟಾ ಮ್ಯಾಥಮ್ಯಾಟಿಕಾ ಪತ್ರಿಕೆ ಪ್ರಕಟಿಸಿತು.

ಇಷ್ಟಾದರೂ ದೇಶದ ಗಣಿತಜ್ಞರಲ್ಲಿ ಬಹುಮಂದಿ ಅವರ ಕೆಲಸವನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಅದಕ್ಕೊಂದು ಕಾರಣವಿದೆ, ಅದನ್ನು ಮುಚ್ಚಿಟ್ಟರೆ ಪ್ರಾಮಾಣಿಕತೆಯಲ್ಲ. ನಮ್ಮ ದೊಡ್ಡ ಸಂಖ್ಯೆಗೆ 45 ಭಾಜಕಗಳಿರುವುದು, ಅದು ಪೂರ್ಣವರ್ಗವಾಗಿರುವುದು ಆ ಸಂಖ್ಯೆಯ ಸ್ವಂತ ಗುಣಗಳು. ಅದನ್ನು ಹೇಗೆ ಬರೆದರೂ ಅವು ಬದಲಾಗವು. ಡೆಮ್ಲೋ, ಹರ್ಷದ, ಸ್ವಸಂಖ್ಯೆ ಎಂಬಿವು ಹತ್ತರ ಆಧಾರದಲ್ಲಿ ಬರೆದಾಗ ಕಾಣುವ ಗುಣಗಳು. ನಮಗೆ ಎಂಟು ಬೆರಳಿದ್ದು ಎಂಟರ ಆಧಾರದಲ್ಲಿ ಎಣಿಸುತ್ತಿದ್ದರೆ ಪಟ್ಟಿಯೇ ಬೇರೆಯಾಗುತ್ತಿತ್ತು. ಮೊದಲಿನವು ಮೈಯ ಗುಣ, ಎರಡನೆಯವು ಉಡುಪಿನ ಗುಣ ಎಂದು ನಾನು ಮಕ್ಕಳಿಗೆ ವಿವರಿಸಿದೆ. ಉಡುಪಿನ ಅಧ್ಯಯನ ಆಟವೇ ಹೊರತು ಗಣಿತವಲ್ಲ ಎಂಬ ಭಾವನೆ ಬಲ್ಲವರಲ್ಲಿತ್ತು.

ಕಾಪ್ರೇಕರ್ ನಿಲ್ಲಿಸಲಿಲ್ಲ. ದೊಡ್ಡ ಪತ್ರಿಕೆಗಳು ತೆಗೆದುಕೊಳ್ಳದಿದ್ದರೆ ಸಣ್ಣ ಪತ್ರಿಕೆಗಳಿಗೆ ಬರೆದರು. ಅದೂ ಆಗದಿದ್ದರೆ ತಾವೇ ಕಿರುಹೊತ್ತಿಗೆಗಳನ್ನು ಅಚ್ಚು ಹಾಕಿಸಿದರು. ಸ್ವಸಂಖ್ಯೆಗಳ ಮೇಲಿನ ಹೊತ್ತಿಗೆ 1963ರಲ್ಲಿ ದೇವಳಾಲಿಯಿಂದಲೇ ಹೊರಟಿತು. ಕರೆದ ಕಾಲೇಜುಗಳಿಗೆ ಹೋಗಿ ಸಂಖ್ಯೆಗಳ ಬಗ್ಗೆ ಮಾತನಾಡಿದರು. 1966ರಲ್ಲಿ ಪತ್ನಿ ತೀರಿಕೊಂಡರು. ಪಿಂಚಣಿ ಜೀವನಕ್ಕೆ ಸಾಲದೆ ಇಳಿವಯಸ್ಸಿನಲ್ಲಿ ಮನೆಪಾಠ ಹೇಳಿ ದಿನ ದೂಡಿದರು.

1975ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್ನರ್ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ತಮ್ಮ ಅಂಕಣದಲ್ಲಿ ಕಾಪ್ರೇಕರ್ ಬಗ್ಗೆ ಬರೆದರು. ಆಗ ಇವರಿಗೆ ಎಪ್ಪತ್ತು ವರ್ಷ. ಜಗತ್ತಿನ ಬೇರೆ ಬೇರೆ ಕಡೆಯ ಓದುಗರು ದೇವಳಾಲಿಯ ಹೆಸರು ಕೇಳಿದ್ದು ಆಗಲೇ. ಸ್ವಸಂಖ್ಯೆಗಳನ್ನು ಬೇರೆಡೆ ಕೊಲಂಬಿಯನ್ ಸಂಖ್ಯೆಗಳೆಂದೂ, ಹರ್ಷದ ಸಂಖ್ಯೆಗಳನ್ನು ನಿವೆನ್ ಸಂಖ್ಯೆಗಳೆಂದೂ ಕರೆಯುವ ರೂಢಿ ಹುಟ್ಟಿಕೊಂಡಿದೆ. ಆದರೂ ಹರ್ಷದ ಎಂಬ ನಮ್ಮ ಪದ ಇಂದಿಗೂ ಪುಸ್ತಕಗಳಲ್ಲಿ ಉಳಿದಿದೆ. 6174 ಇಂದು ಕಾಪ್ರೇಕರ್ ಸ್ಥಿರಾಂಕ. ಕಾಪ್ರೇಕರ್ 1986ರಲ್ಲಿ ತೀರಿಕೊಂಡರು. ಆ ವರ್ಷದಿಂದ ಹೊರಟರೆ 6174 ತಲುಪಲು ಆರು ಹೆಜ್ಜೆ. ಮಕ್ಕಳು ಇದನ್ನೂ ಮಾಡಿ ನೋಡಿದರು.

ಇಷ್ಟು ಹೇಳಿ ಮುಗಿಸಿದಾಗ ಅವಧಿಯ ಗಂಟೆಗೆ ಎಂಟು ನಿಮಿಷ ಉಳಿದಿತ್ತು. ನಾನು ಮಾಡಬೇಕಾದ ಒಂದು ಕೆಲಸ ಬಾಕಿ ಇತ್ತು. ಹಿಂದಿನ ವಾರದ ಹತ್ತನೆಯ ಸಾಲನ್ನು ಮತ್ತೆ ಹಲಗೆಯ ಮೇಲೆ ಬರೆದೆ. ಇದು ತಪ್ಪು, ಬರೆದದ್ದು ನಾನು, ಗುಣಿಸಿ ನೋಡದೆ ಬರೆದೆ ಎಂದು ಹೇಳಿದೆ. ಆ ಹುಡುಗಿಯನ್ನು ಕರೆದು ಸೀಮೆಸುಣ್ಣ ಕೊಟ್ಟೆ. ಅವಳು ಹತ್ತು ಸಾಲು ಒಂದುಗಳನ್ನು ಬರೆದು, ದಶಕ ಏರುವ ಕಂಬಸಾಲನ್ನು ಬೆರಳಿಟ್ಟು ತೋರಿಸಿದಳು. ಮೊದಲು ದನಿ ನಡುಗುತ್ತಿತ್ತು. ಎರಡನೆಯ ಸೊನ್ನೆಗೆ ಬರುವಷ್ಟರಲ್ಲಿ ಸರಿಹೋಯಿತು. ಆಮೇಲೆ, ಯಾರೂ ಹೇಳದೆಯೇ, ತನ್ನ ಸಂಖ್ಯೆಯ ಅಂಕಿಗಳನ್ನು ಕೂಡಿಸಿದಳು: 82. ಇದು ಬೆಸಸಂಖ್ಯೆ, 82 ಸಮ, ಆದ್ದರಿಂದ ಇದು ಹರ್ಷದವಲ್ಲ ಎಂದು ತೀರ್ಮಾನ ಕೊಟ್ಟು ಬೆಂಚಿಗೆ ಹೋದಳು.

ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಅನುಭವದಿಂದ ಮೂರು ಮಾತು. ಒಂದು, ವಿನ್ಯಾಸವನ್ನು ತೋರಿಸಿದರೆ ಸಾಲದು, ಅದು ಎಲ್ಲಿ ಮುರಿಯುತ್ತದೆ ಎಂಬುದನ್ನೂ ಪಾಠ ಯೋಜನೆಯಲ್ಲಿ ಬರೆದುಕೊಳ್ಳಿ. ಮುರಿಯುವ ಕಡೆ ಕಾರಣ ಸಿಗುತ್ತದೆ. ಎರಡು, ಸಂಖ್ಯೆಗಳನ್ನು ವರ್ಗೀಕರಿಸುವಾಗ ಮೈಯ ಗುಣ ಯಾವುದು, ಉಡುಪಿನ ಗುಣ ಯಾವುದು ಎಂದು ಮಕ್ಕಳೇ ಬೇರ್ಪಡಿಸಲಿ. ಮೂರು, ಗಣಿತಜ್ಞರ ಜೀವನವನ್ನು ಹೇಳುವಾಗ ಯಾವಾಗಲೂ ದೂರದ ಪ್ರತಿಭಾವಂತರನ್ನೇ ಹುಡುಕಬೇಕಿಲ್ಲ. ಕಾಪ್ರೇಕರ್‌ಗೆ ಪ್ರಯೋಗಾಲಯವೂ ಇರಲಿಲ್ಲ, ದೊಡ್ಡ ಗ್ರಂಥಾಲಯವೂ ಇರಲಿಲ್ಲ. ಒಂದು ಶಾಲೆ, ಒಂದಿಷ್ಟು ಕಾಗದ, ಮತ್ತೊಮ್ಮೆ ಗುಣಿಸಿ ನೋಡುವ ತಾಳ್ಮೆ ಇತ್ತು. ಆ ತಾಳ್ಮೆ ಆ ವಾರ ನನ್ನಲ್ಲಿರಲಿಲ್ಲ, ಮೂರನೆಯ ಬೆಂಚಿನಲ್ಲಿತ್ತು.